ಬಾಗಿಲಲ್ಲಿ ನಿಂತ ಆಟ

ನಮ್ಮ ಕೇರಿಯಲ್ಲಿ ಆಟ ಅನ್ನೋದು ಒಂದು ಬೈಗುಳ. ‘ಆಟ ಆಡ್ಕಂಡು ಕುಂತಾನೆ ನೋಡು’ ಅಂದರೆ ಕೂಲಿಗೆ ಹೋಗಿಲ್ಲ, ಮನೆಗೆ ಭಾರ ಆಗ್ಯಾನೆ ಅಂತ ಅರ್ಥ. ಹೀಗಿರುವಾಗ ಮೀಸೆ ಬಂದ ಗಂಡಸರು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ನಾವು ಆರು ಜನ, ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಹಿಂದಿನ ಕೋಣೆಯಲ್ಲಿ ಭಾನುವಾರ ಭಾನುವಾರ ಕೂತು ಆಟ ಆಡಿದೆವು, ಆಮೇಲೆ ನಾವೇ ಆಟ ಕಟ್ಟಿದೆವು ಅಂತ ಬರೆಯೋಕೆ ನಮಗೇ ಸಂಕೋಚ. ಆದರೂ ಬರೀತೀವಿ. ಆಟ ಆಡುವಾಗ ನಮ್ಮೊಳಗೆ ಕಂಡದ್ದನ್ನು ಸಭೆ ಮಾಡುವಾಗ, ಭಾಷಣ ಕೇಳುವಾಗ ನಾವು ಕಂಡಿರಲಿಲ್ಲ.

ನಾವು ಯಾರು ಅಂತ ಹೇಳಿಬಿಡ್ತೀವಿ. ಒಬ್ಬ ಅದೇ ಭಟ್ಟಿಯಲ್ಲಿ ಬಿಸಿ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯುವವನು. ಒಬ್ಬಾಕೆ ಟೀಚರು, ಆಕೆಯ ಅಪ್ಪ ಹತ್ತಿ ಮಿಲ್ಲು ಮುಚ್ಚಿದ ಮೇಲೆ ಆಟೋ ಹಿಡಿದವರು. ಒಬ್ಬ ಪೌರಕಾರ್ಮಿಕರ ಮಗ. ಇಬ್ಬರು ಹರಿಹರದಿಂದ ಬಸ್ಸು ಹತ್ತಿ ಬರುವವರು. ಇನ್ನೊಬ್ಬ ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದವನು. ಅವನ ಬ್ಯಾಗಿನಲ್ಲಿ ಬಟ್ಟೆಯ ಜೊತೆ ಒಂದು ಸಣ್ಣ ಚೀಲ ಇತ್ತು. ಚೀಲದ ತುಂಬ ಬಣ್ಣಬಣ್ಣದ ದಾಳ. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಭಟ್ಟಿಯ ಹುಡುಗ ಕೈಯಲ್ಲಿ ಹಿಡಿದು ನೋಡಿ, ‘ಇದೇನಪಾ, ಪೆಪ್ಪರಮಿಂಟಾ?’ ಅಂದ.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಹೊರತಂದದ್ದು. ಮಣೆ ಇಲ್ಲದಿದ್ದರೂ ನಡೆಯುತ್ತದೆ. ಒಬ್ಬ ಕತೆ ನಡೆಸುತ್ತಾನೆ, ನಮ್ಮ ಬಯಲಾಟದ ಭಾಗವತನ ಹಾಗೆ. ಉಳಿದವರು ಒಂದೊಂದು ಪಾತ್ರ. ‘ಮುಂದೆ ಕಾಡು ಐತೆ, ಏನ್ ಮಾಡ್ತೀರಿ?’ ಅಂತ ಅವನು ಕೇಳ್ತಾನೆ. ನಾವು ಮಾಡುವುದನ್ನು ಹೇಳ್ತೀವಿ. ಆಗುತ್ತೋ ಇಲ್ಲವೋ ಅನುಮಾನ ಇದ್ದ ಕಡೆ ದಾಳ ಹಾಕ್ತೀವಿ. ಗೆಲುವು ಸೋಲು ಅಂತ ಕೊನೆ ಇಲ್ಲ. ಪುಸ್ತಕದ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೆ ಮೂಲ ನಿಯಮಗಳನ್ನು ಕಂಪನಿಯವರೇ ಪುಕ್ಕಟೆ ಬಿಟ್ಟಿದ್ದಾರೆ. ಜೆರಾಕ್ಸ್ ಮಾಡಿಸಿದೆವು. ಟೀಚರಕ್ಕ ಓದಿ ಓದಿ ಕನ್ನಡದಲ್ಲಿ ಹೇಳಿದಳು.

ಮೊದಲು ಒಂದು ಫಾರಂ ತುಂಬಬೇಕು. ಪಾತ್ರದ ಹೆಸರು. ಅದರ ಕೆಳಗೆ ‘ರೇಸ್’. ಅದರ ಪಕ್ಕ ‘ಕ್ಲಾಸ್’. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟೆವು. ಹುಟ್ಟಿದಾಗಿನಿಂದ ತುಂಬಿದ್ದೇ ಈ ಫಾರಂ ಅಲ್ಲವೇ? ಶಾಲೆಯಲ್ಲಿ, ಹಾಸ್ಟೆಲ್ಲಿನಲ್ಲಿ, ತಹಸೀಲ್ದಾರ್ ಕಚೇರಿಯಲ್ಲಿ, ಆದಾಯ-ಜಾತಿ ಪತ್ರ ಅಂತ ಕ್ಯೂ ನಿಂತು ತುಂಬಿದ್ದು. ಅಲ್ಲಿ ಬಿಟ್ಟು ಇಲ್ಲಿಗೆ ಆಟ ಆಡೋಕೆ ಬಂದರೆ ಇಲ್ಲೂ ಅದೇ ಕಾಲಂ! ಆಟದಲ್ಲಿ ‘ಕ್ಲಾಸ್’ ಅಂದರೆ ಕಸುಬು: ಕಾದಾಡುವವ, ಮಂತ್ರಗಾರ, ಪೂಜಾರಿ, ಕಳ್ಳ. ‘ರೇಸ್’ ಅಂದರೆ ಹುಟ್ಟು. ಇಂಥ ಕುಲದಲ್ಲಿ ಹುಟ್ಟಿದವನಿಗೆ ಇಂಥ ಗುಣ ಅಂತ ಪುಸ್ತಕವೇ ಬರೆದು ಕೊಟ್ಟಿತ್ತು. ಹುಟ್ಟಿನಿಂದ ಗುಣ ಅನ್ನುವ ಮಾತು ನಮಗೆ ಹೊಸದಲ್ಲ. ಅದನ್ನು ಹೇಳಿದ ಪುಸ್ತಕವೊಂದನ್ನು ಬಾಬಾಸಾಹೇಬರ ಮುಂದಾಳತನದಲ್ಲಿ 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಸುಟ್ಟದ್ದು ನಮಗೆ ಗೊತ್ತು. ಆಟದ ಕಂಪನಿಯವರಿಗೂ ಐವತ್ತು ವರ್ಷದ ಮೇಲೆ ನಾಚಿಕೆ ಬಂತೋ ಏನೋ, 2024ರ ಹೊಸ ಪುಸ್ತಕದಲ್ಲಿ ‘ರೇಸ್’ ಅನ್ನುವ ಪದ ತೆಗೆದು ಬೇರೆ ಪದ ಹಾಕಿದರು. ಪದ ಬದಲಾಯಿಸೋದು ಸುಲಭ. ಅದೂ ನಮಗೆ ಗೊತ್ತು.

ಆದರೆ ಆವತ್ತಿನ ದೊಡ್ಡ ಪೆಟ್ಟು ಫಾರಂನಿಂದ ಬಿದ್ದದ್ದಲ್ಲ. ಕತೆ ಶುರುವಾಯಿತು. ‘ಕತ್ತಲಾಗೈತೆ. ಮಳೆ. ಊರ ಮುಂದೆ ಒಂದು ಛತ್ರ. ಒಳಗೆ ದೀಪ ಉರೀತೈತೆ, ಊಟದ ವಾಸನೆ ಬರ್ತೈತೆ. ಏನ್ ಮಾಡ್ತೀರಿ?’ ಅಂತ ಕತೆ ನಡೆಸುವವನು ಕೇಳಿದ. ನಾವು ಐವರೂ ಸುಮ್ಮನೆ. ಕೊನೆಗೆ ಪೌರಕಾರ್ಮಿಕರ ಮಗ, ‘ಹಿಂದಗಡೆ ಜಗಲಿ ಐತಾ?’ ಅಂದ. ಹರಿಹರದವನು, ‘ಯಾರನ್ನಾದ್ರೂ ಕರೆದು ಕೇಳಾಣ, ಒಳಗೆ ಬಿಡ್ತಾರಾ ಅಂತ’ ಅಂದ. ಕತೆ ನಡೆಸುವವನು ನಗ್ತಾ, ‘ಲೇ, ಇದು ಆಟ. ಇಲ್ಲಿ ಯಾರು ಬೇಕಾದ್ರೂ ಒಳಗೆ ಹೋಗ್ಬಹುದು’ ಅಂದ. ಅಂದವನು ಅರ್ಧಕ್ಕೇ ನಗು ನಿಲ್ಲಿಸಿದ.

ಕೈಯಲ್ಲಿ ಕತ್ತಿ ಇದೆ. ಬೆನ್ನಿಗೆ ಬಿಲ್ಲು ಇದೆ. ಒಬ್ಬಾಕೆಗೆ ಬೆಂಕಿ ಉಗುಳುವ ಮಂತ್ರ ಇದೆ. ರಾಕ್ಷಸರನ್ನು ಕೊಲ್ಲೋಕೆ ಹೊರಟ ವೀರರು ನಾವು. ಆದರೂ ಒಂದು ಛತ್ರದ ಹೊಸ್ತಿಲು ದಾಟಲಿಲ್ಲ. ಯಾರೂ ತಡೆದಿರಲಿಲ್ಲ. ಬಾಗಿಲು ತೆರೆದೇ ಇತ್ತು. ಕಲ್ಪನೆಯಲ್ಲಿಯೂ ನಮ್ಮ ಕಾಲು ಹೊರಗೇ ನಿಂತಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿ ಮುಕ್ಕಾಲು ಶತಮಾನ ಆಯಿತು. ಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ರಾತ್ರಿ ಖಾರ ಮಂಡಕ್ಕಿ ತಿನ್ನುತ್ತಾ ನಾವು ತೀರ್ಮಾನ ಮಾಡಿದೆವು. ಇವರ ಆಟ ನಮಗೆ ಆಗಿಬರೋದಿಲ್ಲ. ನಮ್ಮ ಆಟ ನಾವೇ ಕಟ್ಟೋಣ.

ಕಟ್ಟೋದು ಅಂದರೆ ಏನು? ಆಟ ಕಟ್ಟುವುದು ಅರಮನೆ ಕೆಲಸ ಅಂತ ಪುಸ್ತಕಗಳು ಹೇಳುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎಷ್ಟೋ ಮಣೆಯಾಟಗಳನ್ನು ತಾವೇ ರೂಪಿಸಿದರು, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು, 360 ಎಲೆಯ ಗಂಜೀಫಾ ಮಾಡಿಸಿದರು. ಒಳ್ಳೇದು. ಆದರೆ ಹುಲಿ-ಕುರಿ ಆಟ ಕಟ್ಟಿದವರು ಯಾರು? ಚೌಕಾಬಾರ ಕಟ್ಟಿದವರು ಯಾರು? ಹಳೇ ಗುಡಿಗಳ ಮಂಟಪದ ಹಾಸುಗಲ್ಲಿನ ಮೇಲೆ ಉಳಿಯಿಂದ ಆಟದ ಮನೆ ಕೊರೆದವರು ಯಾರು? ಅವರಿಗೆ ಹೆಸರಿಲ್ಲ. ಕಲ್ಲು ಹೊತ್ತವರು, ಕಾವಲು ಕಾದವರು, ದನ ಮೇಯಿಸಿದವರು ಆಡಿಕೊಂಡು ಬಂದ ಆಟಗಳು ಅವು. ಹೆಸರಿಲ್ಲದವರ ಕಡೆಯವರು ನಾವು. ಹಾಗಾದರೆ ನಮಗೂ ಹಕ್ಕಿದೆ ಅಂದುಕೊಂಡೆವು.

ದಾಳದ್ದೇ ಮೊದಲ ತೊಡಕು. ಹರಿಹರದಲ್ಲಿ ನಮ್ಮ ಪೈಕಿಯ ಒಬ್ಬ ದೊಡ್ಡಪ್ಪ ಇದ್ದಾರೆ, ಜೀವಮಾನವೆಲ್ಲ ಲೇತ್ ಮೆಷೀನಿನ ಮುಂದೆ ನಿಂತವರು. ಇಪ್ಪತ್ತು ಮುಖದ ದಾಳವನ್ನು ಮರದಲ್ಲಿ ಮಾಡಿಕೊಡಿ ಅಂತ ಕೇಳಿದೆವು. ಎರಡು ವಾರ ಉಜ್ಜಿದರು. ‘ಆಗಲ್ಲಪ್ಪ. ಒಂದು ಮುಖ ಒಂದು ಕೂದಲೆಳೆ ಜಾಸ್ತಿ ಆದ್ರೂ ಅದು ಅತ್ಲಾಗೇ ಬೀಳ್ತೈತೆ. ದಾಳ ನೆಟ್ಟಗಿಲ್ಲ ಅಂದ್ರೆ ನೀವು ಎಸೆಯೋ ಮುಂಚೇನೇ ತೀರ್ಪು ಆಗಿರ್ತೈತೆ’ ಅಂದರು. ಅವರು ಮರದ ಬಗ್ಗೆ ಹೇಳಿದ್ದು. ನಾವು ಮಾತ್ರ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆವು.

ಹುಣಸೆ ಬೀಜಕ್ಕೆ ವಾಪಸ್ ಬಂದೆವು. ನಾಲ್ಕು ಬೀಜ, ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಚೌಕಾಬಾರದ ಲೆಕ್ಕ: ಒಂದು ಬಿಳಿ ಬಿದ್ದರೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಬೀಜ ನೆಟ್ಟಗಿದ್ದರೆ ನಾಲ್ಕೂ ಕಪ್ಪು ಬೀಳುವುದು ಹದಿನಾರರಲ್ಲಿ ಒಂದು ಸಲ. ಟೀಚರಕ್ಕ 160 ಸಲ ಎಸೆದು ಗೆರೆ ಹಾಕಿದಳು. ಹತ್ತರ ಆಸುಪಾಸು ಬರಬೇಕಿತ್ತು, ಅದರ ಎರಡರಷ್ಟು ಬಂತು. ಉಜ್ಜಿದ್ದು ಹೆಚ್ಚಾಗಿತ್ತು. ಬೇರೆ ಬೀಜ ಉಜ್ಜಿದೆವು. ಒಂದು ವಿಚಾರ ಆಗ ಹೊಳೆಯಿತು: ಚೌಕಾಬಾರದಲ್ಲಿ ಕಪ್ಪಿಗೇ ಹೆಚ್ಚು ಬೆಲೆ! ಭಟ್ಟಿಯ ಹುಡುಗ ಇದನ್ನು ಇಡೀ ದಿನ ಹೇಳಿಕೊಂಡು ತಿರುಗಿದ.

ಮೊದಲ ಆಟಕ್ಕೆ ‘ಕೇರಿ’ ಅಂತ ಹೆಸರಿಟ್ಟೆವು. ಸಿಟ್ಟಿನಲ್ಲಿ ಕಟ್ಟಿದ ಆಟ. ನಿಯಮ ಇಷ್ಟೇ. ಮೊದಲ ಎಸೆತಕ್ಕೆ ಹುಟ್ಟು. ಬಿದ್ದ ಬೀಜದ ಪ್ರಕಾರ ನೀನು ಗೌಡ, ಶಾನುಭೋಗ, ಒಕ್ಕಲಿನವ, ಇಲ್ಲವೇ ಕೇರಿಯವ. ಆಮೇಲೆ ಬಾವಿಯಿಂದ ನೀರು ತರಬೇಕು, ಮಗುವನ್ನು ಶಾಲೆಗೆ ಸೇರಿಸಬೇಕು, ಎರಡು ಎಕರೆ ಜಮೀನು ಉಳಿಸಿಕೊಳ್ಳಬೇಕು. ಗೌಡನಿಗೆ ಒಂದು ಬಿದ್ದರೂ ಸಾಕು. ಕೇರಿಯವನಿಗೆ ಚೌಕವೇ ಬೀಳಬೇಕು. ಬದುಕು ಹೇಗಿದೆಯೋ ಹಾಗೇ ಇಟ್ಟೆವು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದನ್ನು ಒಂದೊಂದು ಮೆಟ್ಟಿಲೂ ಬಿಡದೆ ಲೆಕ್ಕ ಹಾಕಿದೆವು.

ಹರಿಹರದ ಮನೆಯೊಂದರಲ್ಲಿ ಪರೀಕ್ಷೆ. ತುಂಗಭದ್ರೆಯ ಕಡೆಯಿಂದ ಗಾಳಿ ಬರುವ ಮನೆ. ಆ ಊರಿನ ದೊಡ್ಡ ಗುಡಿಯನ್ನು 1223–24ರಲ್ಲಿ ಹೊಯ್ಸಳರ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. ಒಳಗಿನ ದೇವರು ಅರ್ಧ ಹರಿ, ಅರ್ಧ ಹರ. ದೇವರಿಗೆ ಒಂದೇ ಮೈಯಲ್ಲಿ ಎರಡು ವೇಷ ಹಾಕೋಕೆ ಅನುಮತಿ ಇದೆ. ನಮಗೆ ಹುಟ್ಟಿಸಿದ ವೇಷ ಒಂದೇ, ಸಾಯೋವರೆಗೂ. ಇಂಥ ಮಾತನಾಡುತ್ತಾ ಆಟ ಶುರುಮಾಡಿದೆವು. ಅರ್ಧ ಗಂಟೆಗೆ ಕೇರಿಯ ಪಾತ್ರ ಸಿಕ್ಕವರು ಬೀಜ ಎಸೆಯೋದನ್ನೇ ಬಿಟ್ಟು ಗೋಡೆಗೆ ಒರಗಿದರು. ಮನೆಯ ಅವ್ವ ರೊಟ್ಟಿ ಬಡಿಯುತ್ತಾ ಎಲ್ಲ ನೋಡುತ್ತಿದ್ದಳು. ‘ಇದನ್ನ ಆಡಾಕೆ ಬೀಜ ಯಾಕ್ರೋ? ಹೊರಗೆ ಒಂದು ಸುತ್ತು ಹೋಗಿ ಬರ್ರಿ ಸಾಕು’ ಅಂದಳು. ನಾವು ನಕ್ಕೆವು. ನಕ್ಕರೂ ಅವಳ ಮಾತು ನಮ್ಮ ಆಟವನ್ನು ಕೊಂದುಹಾಕಿತು. ನೋವನ್ನು ಹಾಗೇ ನಕಲು ಮಾಡಿದರೆ ಅದು ಆಟವೂ ಅಲ್ಲ, ಬಂಡಾಯವೂ ಅಲ್ಲ. ಅದೇ ಗಾಯದ ಮೇಲೆ ಇನ್ನೊಂದು ಗೀರು.

ಆದರೂ ಇನ್ನೊಂದು ಸಲ ಆಡಿಸಿದೆವು. ಈ ಸಲ ಮೇಲ್ಜಾತಿಯ ಒಬ್ಬ ಗೆಳೆಯ ಬಂದಿದ್ದ. ಒಳ್ಳೆಯವನು. ಹೋರಾಟಕ್ಕೆ ಬರುವವನು. ಅವನಿಗೆ ಕೇರಿ ಬಿತ್ತು. ನಮ್ಮ ಭಟ್ಟಿಯ ಹುಡುಗನಿಗೆ ಗೌಡ ಬಿತ್ತು. ಆಟ ನಡೀತಾ ನಡೀತಾ ಎರಡು ಸಂಗತಿ ಆದವು.

ಒಂದು: ಗೆಳೆಯನ ಕಣ್ಣಲ್ಲಿ ನೀರು ಬಂತು. ‘ನಿಮ್ಮ ನೋವು ಇವತ್ತು ನನಗೆ ಅರ್ಥ ಆಯ್ತು’ ಅಂದ. ನಮಗೆ ಸಿಟ್ಟು ಬಂತು. ಬರಬಾರದಿತ್ತು, ಬಂತು. ಅರ್ಧ ಗಂಟೆಯಲ್ಲಿ ಅರ್ಥವಾಗುವ ನೋವಾ ಇದು? ಆಟ ಮುಗಿದ ಮೇಲೆ ಅವನು ಬೀಜ ಕೆಳಗಿಟ್ಟು ಬೈಕ್ ಹತ್ತಿ ಮನೆಗೆ ಹೋಗ್ತಾನೆ. ನಾವು ಬೀಜ ಕೆಳಗಿಟ್ಟು ಹೋಗೋದು ಕೇರಿಗೇ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೊಂದ ಮಾರನೇ ದಿನ, ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಅನ್ನುವ ಟೀಚರು ತನ್ನ ಬಿಳಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಭಾಗ ಮಾಡಿ ಒಂದು ದಿನ ಕೀಳು ಮಾಡಿ ತೋರಿಸಿದಳು. ಆ ಮಕ್ಕಳು ಕಲಿತಿರಬಹುದು. ಆದರೆ ಅದು ಬಿಳಿಯ ಮಕ್ಕಳಿಗಾಗಿ ಕಟ್ಟಿದ ಆಟ. ಕರಿಯ ಮಕ್ಕಳಿಗೆ ಆ ಪಾಠ ಹೇಳಿಕೊಡಬೇಕಾದ ಅಗತ್ಯವೇ ಇರಲಿಲ್ಲ. ಹಾಗಾದರೆ ನಾವು ಯಾರಿಗಾಗಿ ಆಟ ಕಟ್ಟುತ್ತಿದ್ದೇವೆ? ಗೆಳೆಯ ಅಳಲಿ ಅಂತಲಾ?

ಎರಡನೆಯದು ಇನ್ನೂ ಕಷ್ಟದ್ದು. ಭಟ್ಟಿಯ ಹುಡುಗ ಗೌಡನಾಗಿ ಬಾಯಿ ಬಿಟ್ಟ ನೋಡಿ, ನಮಗೆ ಮೈ ಜುಮ್ ಅಂತು. ಆ ಧ್ವನಿ, ಆ ಏಕವಚನ, ಎದುರಿನವನ ಮುಖ ನೋಡದೆ ಗೋಡೆ ನೋಡಿ ಮಾತಾಡುವ ಆ ರೀತಿ. ಒಂದು ಸಲವೂ ತಡವರಿಸಲಿಲ್ಲ. ಅದನ್ನು ಅವನು ಎಲ್ಲಿ ಕಲಿತ? ಎಲ್ಲಿಯೂ ಹೋಗಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದಾನೆ. ಅವರ ಪಾತ್ರ ನಮಗೆ ಬಾಯಿಪಾಠ. ನಮ್ಮ ಪಾತ್ರ ಅವರಿಗೆ ಒಂದು ಸಾಲೂ ಗೊತ್ತಿಲ್ಲ. ನಮ್ಮ ಹಿರಿಯರು ಬೀದಿನಾಟಕ ಮಾಡಿದ ಕಾಲದಲ್ಲೂ ಇದೇ ಆಗಿರಬೇಕು. ಸಮುದಾಯದವರು ಬೆಲ್ಚಿಯ ಕಗ್ಗೊಲೆಯನ್ನು ಬೀದಿಗೆ ತಂದಾಗ, ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ನಮ್ಮವರೇ ಜಮೀನ್ದಾರನ ಪೇಟ ಸುತ್ತಿದಾಗ, ನೋಡಿದವರು ‘ಥೇಟ್ ಅವನೇ’ ಅಂದಿರಬೇಕು. ಆ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು (1938–1997) ಇದೇ ಹರಿಹರದಲ್ಲಿ ಹುಟ್ಟಿದವರು.

ಆಟ ಮುಗಿದ ಮೇಲೆ ಹುಡುಗ ಹೊರಗೆ ಹೋಗಿ ಒಬ್ಬನೇ ಕೂತಿದ್ದ. ‘ಚಂದ ಅನ್ನಿಸ್ತು ಕಣಕ್ಕ’ ಅಂದ ಟೀಚರಕ್ಕನಿಗೆ, ತಲೆ ತಗ್ಗಿಸಿ. ‘ಬೈಯೋದು ಚಂದ ಅನ್ನಿಸ್ತು. ಅದಕ್ಕೇ ಹೆದರಿಕೆ ಆತು.’ ನಾವು ಯಾರೂ ಏನೂ ಹೇಳಲಿಲ್ಲ. ಹೇಳುವಂಥದ್ದು ನಮ್ಮಲ್ಲೂ ಇರಲಿಲ್ಲ.

‘ಕೇರಿ’ ಆಟದ ಕಾಗದ ಹರಿದು ಭಟ್ಟಿಯ ಒಲೆಗೆ ಹಾಕಿದೆವು.

ಎರಡನೇ ಆಟದ ದಾರಿ ತೋರಿಸಿದವರು ಅದೇ ಲೇತಿನ ದೊಡ್ಡಪ್ಪ. ನೆಲದ ಮೇಲೆ ಇದ್ದಿಲಲ್ಲಿ ಹುಲಿ-ಕುರಿ ಗೆರೆ ಹಾಕಿದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿ ಯಾರನ್ನೂ ತಿನ್ನುವ ಹಾಗಿಲ್ಲ. ಆದರೆ ಕುರಿಗಳು ಒಂದರ ಹಿಂದೆ ಒಂದು ಜಾಗ ಬಿಡದೆ ನಿಂತರೆ ಹುಲಿಗೆ ಕಾಲಿಡೋಕೆ ತಾವಿಲ್ಲ. ಹುಲಿ ಸಾಯೋದಿಲ್ಲ, ಕಟ್ಟುಬೀಳುತ್ತದೆ. ‘ಒಂಟಿ ಕುರಿ ಊಟ. ಸಾಲು ಕುರಿ ಬೇಲಿ’ ಅಂದರು ದೊಡ್ಡಪ್ಪ. ಹುಟ್ಟು ಅಸಮಾನ, ಕೈಯಲ್ಲಿರುವ ಆಯುಧ ಅಸಮಾನ. ಆದರೂ ಎರಡೂ ಕಡೆಗೆ ಗೆಲುವಿನ ದಾರಿ ಬೇರೆಬೇರೆ ಇದೆ. ಇದನ್ನೇ ಅಲ್ಲವೇ ನಾವು ಹುಡುಕಿದ್ದು?

ಹಾಗೆ ‘ಕೆರೆ’ ಆಟ ಹುಟ್ಟಿತು. ಇದರಲ್ಲಿ ಹುಟ್ಟಿಗೆ ಬೀಜ ಹಾಕುವುದಿಲ್ಲ. ಎಲ್ಲರೂ ಒಂದೇ ಕೇರಿಯವರು. ಮುದುಕಿ, ಶಾಲೆ ಬಿಟ್ಟ ಹುಡುಗಿ, ಹಲಗೆ ಬಾರಿಸುವವನು, ಪೇಟೆಯಿಂದ ಬಂದವನು. ಕೆರೆಯ ನೀರು ಮುಟ್ಟಬೇಕು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಮುಟ್ಟಿದ ಹಾಗೆ. ಚೌಕಾಬಾರದಲ್ಲಿ ಒಳಗಿನ ಮನೆಗೆ ಹೋಗಬೇಕಾದರೆ ಇನ್ನೊಬ್ಬರ ಕಾಯಿ ಒಂದನ್ನಾದರೂ ಹೊಡೆದಿರಬೇಕು. ಆ ನಿಯಮ ತಿರುಗಿಸಿದೆವು: ಒಳಗೆ ಹೋಗಬೇಕಾದರೆ ಇನ್ನೊಬ್ಬರ ಕೈ ಹಿಡಿದು ಕರಕೊಂಡು ಹೋಗಬೇಕು. ನಿನಗೆ ಬಿದ್ದ ಬೀಜವನ್ನು ಇನ್ನೊಬ್ಬರಿಗೆ ಕೊಡಬಹುದು. ಕೊಟ್ಟರೆ ನೀನು ಒಂದು ಸುತ್ತು ನಿಲ್ಲಬೇಕು.

ಆಡಿದೆವು. ಎಲ್ಲರೂ ಕೈ ಹಿಡಿದು ಒಂದೇ ಗಂಟೆಯಲ್ಲಿ ಕೆರೆಗೆ ಹೋಗಿ ನೀರು ಕುಡಿದು ಬಂದರು. ಟೀಚರಕ್ಕ, ‘ಇದು ಆಟನಾ, ಭಾಷಣನಾ?’ ಅಂದಳು. ನಿಜವೇ. ನಮ್ಮ ಸಂಘಟನೆಗಳು ಹೀಗಾ ನಡೆದಿವೆ? ಎಷ್ಟು ಬಣ ಆದವು, ಎಷ್ಟು ಜಗಳ ಆದವು! ಅದಕ್ಕೆ ಗುಟ್ಟಿನ ಚೀಟಿ ಸೇರಿಸಿದೆವು. ಒಬ್ಬೊಬ್ಬರಿಗೂ ಒಂದೊಂದು ಚೀಟಿ: ‘ಗೌಡನ ಹತ್ರ ಸಾಲ ಐತೆ’, ‘ಮಗಳ ಮದುವೆ ಮುಂದಿನ ವಾರ’, ‘ಹೋದ ಸಲ ಪೆಟ್ಟು ತಿಂದವನು ನಾನೊಬ್ಬನೇ’. ಈಗ ಕೈ ಹಿಡಿಯೋದು ಸುಲಭವಾಗಲಿಲ್ಲ. ಯಾರು ಯಾಕೆ ಹಿಂದೆ ಸರಿದರು ಅಂತ ಆಟ ಮುಗಿಯೋವರೆಗೂ ಗೊತ್ತಾಗೋದಿಲ್ಲ. ಚೀಟಿ ಬಿಚ್ಚಿದ ಮೇಲೆ ಬೈದವರೇ ಸುಮ್ಮನಾಗ್ತಾರೆ. ಆಟ ನಿಂತುಕೊಂಡಿತು.

ಈ ನಡುವೆ ಎರಡು ಸುದ್ದಿ ತಿಳಿದವು. ಒಂದು ಖುಷಿಯದು. ಆ ಡ್ರ್ಯಾಗನ್ ಆಟದ ಕಂಪನಿಯೇ 2022ರಲ್ಲಿ ತಂದ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಪುಸ್ತಕದಲ್ಲಿ ಮಿಮಿ ಮಂಡಲ್ ಅನ್ನುವ ದಲಿತ ಲೇಖಕಿ ಒಂದು ಕತೆ ಕಟ್ಟಿಕೊಟ್ಟಿದ್ದಾಳೆ, ಬಂಗಾಳದ ನದಿ-ಕಾಡುಗಳ ನೆನಪಿನ ನಾಡಿನದು. ನಮ್ಮವಳೊಬ್ಬಳು ಆ ಬಾಗಿಲು ದಾಟಿದ್ದಾಳೆ ಅಂತ ಆವತ್ತು ಮಿರ್ಚಿ ತರಿಸಿ ತಿಂದೆವು. ಇನ್ನೊಂದು ಎಚ್ಚರಿಕೆಯದು. ನಮ್ಮ ಮಕ್ಕಳು ‘ಬಿಸಿನೆಸ್’ ಅಂತ ಸೈಟು ಕೊಂಡು ಬಾಡಿಗೆ ಎತ್ತಿ ಆಡ್ತಾರಲ್ಲ, ಅದರ ಮೂಲ ಎಲಿಜಬೆತ್ ಮ್ಯಾಗಿ ಅನ್ನುವ ಹೆಂಗಸು 1904ರಲ್ಲಿ ಪೇಟೆಂಟ್ ಪಡೆದ ‘ಜಮೀನ್ದಾರನ ಆಟ’. ಭೂಮಿ ಕೆಲವರ ಕೈಗೆ ಸೇರಿದರೆ ಉಳಿದವರ ಗತಿ ಏನು ಅಂತ ತೋರಿಸೋಕೆ ಕಟ್ಟಿದ್ದು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ 500 ಡಾಲರ್ ಕೊಟ್ಟು ಆಕೆಯ ಹಕ್ಕು ಕೊಂಡಿತು. ಜಗತ್ತಿಗೆ ಉಳಿದದ್ದು ಜಮೀನ್ದಾರನಾಗಿ ಗೆಲ್ಲುವ ಆಟ, ಮೊನೋಪಲಿ. ಆಟ ತನ್ನನ್ನು ತಾನು ಕಾಯೋದಿಲ್ಲ. ಆಡುವವರು ಕಾಯಬೇಕು.

ಕೊನೆಯ ಸಂಗತಿ ಹೇಳಿ ಮುಗಿಸ್ತೀವಿ. ‘ಕೆರೆ’ ಆಟದಲ್ಲಿ ಕೆರೆಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲು ಇಟ್ಟಿದ್ದೇವೆ. ಮೊದಲ ದಿನದ ಆ ಛತ್ರವನ್ನು ನಾವು ಮರೆತಿರಲಿಲ್ಲ. ಹೋಟೆಲಿನ ಒಳಗೆ ಹೋಗೋಕೆ ಎರಡಾದರೂ ಬೀಳಬೇಕು ಅಂತ ನಿಯಮ. ಹರಿಹರದಲ್ಲಿ ಮಕ್ಕಳಿಗೆ ಆಡಿಸಿದಾಗ ಹತ್ತು ವರ್ಷದ ಒಂದು ಹುಡುಗಿಯ ಸರದಿ ಬಂತು. ‘ಹೋಟೆಲ್ ಮುಂದೆ ನಿಂತೀಯ. ಏನ್ ಮಾಡ್ತೀಯ?’

‘ಒಳಗೆ ಹೋದೆ. ಕುಂತೆ. ಎರಡು ಬೆಣ್ಣೆ ದೋಸೆ ಅಂದೆ.’

‘ಬೀಜ ಹಾಕು’ ಅಂದೆವು.

ಅವಳು ನಮ್ಮ ಮುಖ ನೋಡಿದಳು. ‘ದೋಸೆಗಾ?’

‘ಅಲ್ಲ, ಒಳಗೆ ಹೋಗಾಕೆ.’

‘ಒಳಗೆ ಹೋಗಾಕೆ ಬೀಜ ಯಾಕೆ?’

ನಮ್ಮ ಹತ್ತಿರ ಉತ್ತರ ಇತ್ತು. ಸಾವಿರ ವರ್ಷದ ಉತ್ತರ. ಹೇಳೋಕೆ ಬಾಯಿ ಬರಲಿಲ್ಲ. ಅವಳು ಬೀಜ ಮುಟ್ಟದೆ ಕಾಯಿಯನ್ನು ಹೋಟೆಲಿನ ಮನೆಯೊಳಗೆ ಇಟ್ಟಳು.

ಆ ನಿಯಮದ ಬಗ್ಗೆ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ. ತೆಗೆದುಹಾಕೋಣ ಅಂತ ಟೀಚರಕ್ಕ. ಭಟ್ಟಿಯ ಹುಡುಗ ಬೇಡ ಅಂತಾನೆ. ‘ಅವಳಿಗೆ ಬ್ಯಾಡ, ಸರಿ. ಆದ್ರೆ ನಾಳೆ ಯಾವನೋ ಒಬ್ಬ ಅವಳನ್ನ ನಿಲ್ಲಿಸಿದ್ರೆ, ಆಟದಾಗೂ ನೋಡಿರ್ಲಿಲ್ಲ ಅನ್ನೋ ಹಂಗೆ ಆಗಬಾರದು’ ಅಂತಾನೆ. ಇಬ್ಬರ ಮಾತೂ ಸರಿ. ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದಿದ್ದೇವೆ, ಅಳಿಸಿಲ್ಲ. ಕೆಳಗೆ ಏನು ಬರೆದಿತ್ತು ಅಂತ ಓದೋಕೆ ಬರುವ ಹಾಗೆ.

ಗೆಳೆಯರೇ, ಈ ಆಟಕ್ಕೆ ಬೇಕಾದ್ದು ಒಂದು ಚೂರು ಇದ್ದಿಲು, ನಾಲ್ಕು ಹುಣಸೆ ಬೀಜ, ಒಂದಿಷ್ಟು ಚೀಟಿ. ನಿಮ್ಮ ಕೇರಿಯಲ್ಲಿ ಆಡಿ. ಚೀಟಿಗಳನ್ನು ನೀವೇ ಬರೆಯಿರಿ, ನಿಮ್ಮ ಸಾಲ, ನಿಮ್ಮ ಭಯ ನಮಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತಾಗ ನಿಮ್ಮ ಮಕ್ಕಳು ಬೀಜ ಎತ್ತಿಕೊಳ್ಳುತ್ತಾರೋ, ನೆಟ್ಟಗೆ ಒಳಗೆ ಹೋಗುತ್ತಾರೋ, ಅದನ್ನು ಮಾತ್ರ ನಮಗೆ ಬರೆದು ತಿಳಿಸಿ.